ಹಂದಿ: ಹೇಸಿಗೆ, ನಂಬಿಕೆ, ಆರೋಗ್ಯ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕುರಿ, ಆಡು, ಕೋಳಿ, ಮೀನು ಎಲ್ಲವೂ ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೇ ಮಾರಾಟವಾಗುತ್ತವೆ. ಆ ಸಾಲಿನಲ್ಲಿ ಹಂದಿಯ ಮಾಂಸ ಕಾಣಸಿಗುವುದು ಅಪರೂಪ. ಮಾಂಸಾಹಾರಿಗಳ ಮನೆಯಲ್ಲಿಯೂ ಅದರ ಹೆಸರೆತ್ತಿದರೆ ಮುಖ ಸಿಂಡರಿಸುವವರೇ ಹೆಚ್ಚು. ತಿನ್ನುವವರು ಇಲ್ಲವೆಂದಲ್ಲ, ಆದರೆ ತಿನ್ನುತ್ತೇವೆಂದು ನಾಲ್ಕು ಜನರ ನಡುವೆ ಹೇಳಿಕೊಳ್ಳುವವರು ಕಡಿಮೆ. ಒಬ್ಬನನ್ನು ಹೀಯಾಳಿಸಬೇಕಾದರೆ ‘ನಾಯಿ, ಹಂದಿ’ ಎಂಬ ಜೋಡಿಪದ ನಾಲಿಗೆಗೆ ತಾನಾಗಿ ಬರುತ್ತದೆ.

ಈ ಹೇಸಿಗೆಗೆ ಕಾರಣ ಕೇಳಿದರೆ ಮೂರು ಉತ್ತರಗಳು ಸಿಗುತ್ತವೆ. ಅದು ಹೊಲಸು ತಿನ್ನುವ ಪ್ರಾಣಿ ಎಂಬುದು ಮೊದಲನೆಯದು. ನಮ್ಮ ಧರ್ಮದಲ್ಲಿ, ಜಾತಿಯಲ್ಲಿ ಅದು ನಡೆಯುವುದಿಲ್ಲ ಎಂಬುದು ಎರಡನೆಯದು. ತಿಂದರೆ ಮೆದುಳಿಗೆ ಹುಳು ಏರುತ್ತದೆ ಎಂಬುದು ಮೂರನೆಯದು. ಈ ಮೂರರಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದೆ, ಸ್ವಲ್ಪ ಸ್ವಲ್ಪ ತಪ್ಪು ತಿಳಿವಳಿಕೆಯೂ ಇದೆ. ಮೂರನೆಯ ಉತ್ತರದಲ್ಲಿರುವ ತಪ್ಪು ಮಾತ್ರ ಹಂದಿಯನ್ನು ಎಂದೂ ಮುಟ್ಟದ ಮನೆಗಳಿಗೇ ಅಪಾಯ ತರುವಂಥದು.

ಊರಿನೊಳಗೆ, ಊರಿನಂಚಿಗೆ

ಘಟಪ್ರಭೆಯ ದಂಡೆಯ ಈ ನಾಡಿನಲ್ಲಿ ಲಿಂಗಾಯತರು ಮತ್ತು ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇಬ್ಬರಿಗೂ ಮಾಂಸವೇ ವರ್ಜ್ಯ. ಹಂದಿ, ಕುರಿ ಎಂಬ ಭೇದದ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ. ಮುಸ್ಲಿಮರಿಗೆ ಹಂದಿ ಖಚಿತವಾಗಿ ನಿಷಿದ್ಧ. ಆದಿಲಶಾಹಿ ಕಾಲದ ಗುಮ್ಮಟಗಳನ್ನು ಇಂದಿಗೂ ಉಳಿಸಿಕೊಂಡಿರುವ ಹುಕ್ಕೇರಿಯಂಥ ಊರುಗಳಲ್ಲಿ ಈ ಎಲ್ಲ ಸಮುದಾಯಗಳು ತಲೆಮಾರುಗಳಿಂದ ಅಕ್ಕಪಕ್ಕದಲ್ಲಿ ಬಾಳಿವೆ. ಉಳಿದ ಸಮುದಾಯಗಳಲ್ಲಿ ಕುರಿ, ಕೋಳಿ ನಡೆಯುತ್ತದೆ. ಬಹುತೇಕ ಕಡೆ ಹಂದಿ ನಡೆಯುವುದಿಲ್ಲ. ಹೀಗೆ ಬೇರೆ ಬೇರೆ ಕಾರಣಗಳಿಂದ ಹೊರಟ ದಾರಿಗಳು ಒಂದೇ ನಿಷೇಧದಲ್ಲಿ ಬಂದು ಕೂಡಿವೆ.

ಹಾಗಾದರೆ ಊರಿನ ಹಂದಿಗಳು ಯಾರವು? ಉತ್ತರ ಕರ್ನಾಟಕದಲ್ಲಿ ಹಂದಿ ಸಾಕಣೆ ಬಹುಕಾಲದಿಂದ ಕೊರವರ ಕಸುಬುಗಳಲ್ಲಿ ಒಂದು. ಹೆಸರಿನಲ್ಲಿಯೇ ಪ್ರಾಣಿಯನ್ನು ಹೊತ್ತಿರುವ ಹಂದಿಜೋಗಿಗಳೆಂಬ ಅಲೆಮಾರಿ ಸಮುದಾಯವೂ ರಾಜ್ಯದಲ್ಲಿದೆ. ಕೊರವರು ಬುಟ್ಟಿ ಹೆಣೆಯುತ್ತಾರೆ, ಕಸಬರಿಗೆ ಕಟ್ಟುತ್ತಾರೆ. ಅವರ ಹೆಣ್ಣುಮಕ್ಕಳು ಹಚ್ಚೆ ಹಾಕುವುದರಲ್ಲಿ, ಕಣಿ ಹೇಳುವುದರಲ್ಲಿ ಹೆಸರಾದವರು. ಇಲ್ಲೊಂದು ವಿಚಿತ್ರವಿದೆ. ಕೊರವರು ಊದುವ ಸನಾದಿ ಮದುವೆಯ ಮಂಗಳವಾದ್ಯ; ಅವರು ಹೆಣೆದ ಬುಟ್ಟಿ, ಕಟ್ಟಿದ ಕಸಬರಿಗೆ ಪ್ರತಿ ಮನೆಯೊಳಗೂ ಉಂಟು. ಅವರು ಸಾಕಿದ ಪ್ರಾಣಿ ಮಾತ್ರ ಅಮಂಗಳ. ಆ ಪ್ರಾಣಿಯ ಕಳಂಕವನ್ನು ಅದರ ಒಡೆಯರಿಗೂ ಅಂಟಿಸಿ, ಅವರನ್ನು ಊರಿನಂಚಿಗೆ ಇಡಲಾಯಿತು.

ಬ್ರಿಟಿಷರು 1871ರಲ್ಲಿ ತಂದ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಈ ದೂರವನ್ನು ಇನ್ನಷ್ಟು ಹೆಚ್ಚಿಸಿತು. ಮುಂಬಯಿ ಪ್ರಾಂತದಲ್ಲಿ ಹುಬ್ಬಳ್ಳಿ, ವಿಜಾಪುರ ಮೊದಲಾದೆಡೆ ‘ಸೆಟ್ಲಮೆಂಟ್’ಗಳು ಹುಟ್ಟಿಕೊಂಡವು. ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿದ ಸಮುದಾಯಗಳು ಆ ಪಟ್ಟಿಯಿಂದ ಹೊರಬಂದದ್ದು 1952ರಲ್ಲಿ. ಕಾನೂನು ಹೋಯಿತು, ಊರಿನ ಕಣ್ಣಿನಲ್ಲಿದ್ದ ಸಂಶಯ ಅಷ್ಟು ಬೇಗ ಹೋಗಲಿಲ್ಲ.

ಗುಡಿಯಲ್ಲಿ ವರಾಹ

ಕನ್ನಡ ನಾಡು ಹಂದಿಯನ್ನು ಯಾವಾಗಲೂ ಹೀಗೆಯೇ ಕಂಡಿತ್ತೆಂದು ತಿಳಿಯಬೇಕಾಗಿಲ್ಲ. ಬಾದಾಮಿಯ ಚಾಲುಕ್ಯರ ಲಾಂಛನವೇ ವರಾಹ. ಕ್ರಿ. ಶ. 578ರಲ್ಲಿ ಪೂರ್ಣಗೊಂಡ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹಮೂರ್ತಿ ಇಂದಿಗೂ ನೋಡುಗರನ್ನು ತಡೆದು ನಿಲ್ಲಿಸುತ್ತದೆ. ವಿಜಯನಗರದ ಅರಸರೂ ವರಾಹವನ್ನೇ ಮುದ್ರೆಯಾಗಿಸಿಕೊಂಡರು. ಚಿನ್ನದ ನಾಣ್ಯಕ್ಕೆ ‘ವರಹ’ ಎಂಬ ಹೆಸರು ನಿಂತದ್ದು ಈ ಪ್ರಾಣಿಯಿಂದಲೇ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯವಿದೆ. ತುಳುನಾಡಿನ ಪಂಜುರ್ಲಿ ದೈವವೂ ಹಂದಿಯ ರೂಪದ್ದೇ. ತುಳುವಿನ ‘ಪಂಜಿ’, ಕೊಡವ ಮತ್ತು ತೆಲುಗಿನ ‘ಪಂದಿ’, ಮಲಯಾಳದ ‘ಪನ್ನಿ’ ಎಲ್ಲವೂ ನಮ್ಮ ‘ಹಂದಿ’ಯ ಒಡಹುಟ್ಟುಗಳು; ಹಳಗನ್ನಡದಲ್ಲಿ ನಾವೂ ‘ಪಂದಿ’ ಎಂದೇ ಅನ್ನುತ್ತಿದ್ದೆವು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇನ್ನೊಂದು ಬಗೆಯ ಗೌರವವನ್ನು ತೋರಿಸುತ್ತದೆ. ಹತ್ತನೆಯ ಶತಮಾನದ ನಡುವಿನ ಈ ಕಲ್ಲಿನಲ್ಲಿ ‘ಕಾಳಿ’ ಎಂಬ ಬೇಟೆನಾಯಿಯ ಕಥೆಯಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ವೀರ ಮಣಲೇರನಿಗೆ ದೊರೆತ ಈ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಹೋರಾಡಿತು; ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ಕಾಡುಹಂದಿಯನ್ನು ಎದುರಿಸುವುದೆಂದರೆ ಅಂದಿಗೆ ಕಲ್ಲಿನಲ್ಲಿ ಬರೆದಿಡುವಂಥ ಶೌರ್ಯ.

ಇನ್ನು ಅಡುಗೆಮನೆಯ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಹಂದಿಯ ರೋಮ ತೆಗೆಯುವ ಕ್ರಮ, ಮಾಂಸವನ್ನು ತುಂಡು ಮಾಡಿ ಕೆಂಡದ ಮೇಲೆ ಸುಡುವ ಕ್ರಮ ವಿವರವಾಗಿ ಬಂದಿದೆ. ಅರಸರ ಊಟದಲ್ಲಿ ಅದಕ್ಕೆ ಮರ್ಯಾದೆಯ ಸ್ಥಾನವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಚರಕ ಸಂಹಿತೆಯೂ ವರಾಹಮಾಂಸ ಬಲ ಕೊಡುವಂಥದು, ದಣಿವು ಕಳೆಯುವಂಥದು, ಆದರೆ ಜೀರ್ಣಕ್ಕೆ ಭಾರವಾದದ್ದು ಎಂದು ಹೇಳುತ್ತದೆ.

ಕಾಡಿನದು ಬೇರೆ, ಊರಿನದು ಬೇರೆ

ಪೂಜೆ ಮತ್ತು ಹೇಸಿಗೆ ಒಂದೇ ಪ್ರಾಣಿಯ ಪಾಲಿಗೆ ಬಂದದ್ದು ಹೇಗೆ? ಮನುಸ್ಮೃತಿಯಲ್ಲಿ ಇದಕ್ಕೊಂದು ಸುಳಿವು ಸಿಗುತ್ತದೆ. ಊರಹಂದಿಯನ್ನು ತಿಳಿದು ತಿಳಿದು ತಿಂದ ದ್ವಿಜ ಪತಿತನಾಗುತ್ತಾನೆ ಎಂದು ಅದು ಹೇಳುತ್ತದೆ. ಅದೇ ಸಾಲಿನಲ್ಲಿ ಊರಕೋಳಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಅಣಬೆಗಳೂ ಇವೆ. ಶ್ರಾದ್ಧದ ಪ್ರಕರಣದಲ್ಲಿ ಮಾತ್ರ ವರಾಹಮಾಂಸದಿಂದ ಪಿತೃಗಳು ಹತ್ತು ತಿಂಗಳು ತೃಪ್ತರಾಗುತ್ತಾರೆ ಎಂದಿದೆ. ಎಂದರೆ, ಕಾಡಿನಲ್ಲಿ ಗೆಡ್ಡೆಗೆಣಸು ತಿಂದು ಬೆಳೆದ ಹಂದಿ ಬೇರೆ, ಊರಿನ ಹೊಲಸು ತಿಂದು ಬೆಳೆದ ಹಂದಿ ಬೇರೆ. ದೋಷವಿದ್ದದ್ದು ಪ್ರಾಣಿಯ ಜಾತಿಯಲ್ಲಿ ಅಲ್ಲ, ಅದರ ಆಹಾರದಲ್ಲಿ.

ಕರ್ನಾಟಕದ ಭೂಪಟವನ್ನೇ ನೋಡಿದರೂ ಈ ಭೇದ ಕಾಣುತ್ತದೆ. ಮಳೆ, ನೆರಳು, ಕಾಡು ಇರುವ ಕೊಡಗಿನಲ್ಲಿ ಕಾಚಂಪುಳಿ ಹಾಕಿದ ಪಂದಿಕರಿ ಇಲ್ಲದೆ ಹಬ್ಬವಾಗಲಿ ಮದುವೆಯಾಗಲಿ ಪೂರ್ಣವಾಗುವುದಿಲ್ಲ. ಮಲೆನಾಡಿನ ಅನೇಕ ಮನೆಗಳಲ್ಲಿ ಹಂದಿಯ ಅಡುಗೆ ಗೌರವದ್ದು. ಮಂಗಳೂರಿನ ಕ್ರೈಸ್ತರ ‘ದುಕ್ರಾ ಮಾಸ್’, ಗೋವೆಯ ವಿಂದಾಲು ಮತ್ತು ಚೋರಿಸ್ ಹೆಸರಾದವು. ಬಯಲುಸೀಮೆಗೆ ಇಳಿದಂತೆ ಚಿತ್ರ ಬದಲಾಗುತ್ತದೆ. ಗೋಕಾಕದಿಂದ ಘಟ್ಟ ಇಳಿದರೆ ಗೋವೆ ದೂರವಿಲ್ಲ. ಅಲ್ಲಿ ಔತಣದ ಊಟವಾಗಿರುವುದು ಇಲ್ಲಿ ಬೈಗುಳವಾಗಿದೆ.

ನಿಷೇಧದ ಮೂಲ

ಪ್ರಪಂಚದ ದೊಡ್ಡ ನಿಷೇಧಗಳ ಕಥೆಯೂ ಕುತೂಹಲದ್ದೇ. ಯಹೂದಿಗಳ ಧರ್ಮಗ್ರಂಥದ ಪ್ರಕಾರ ಗೊರಸು ಸೀಳಿದ್ದು, ಮೆಲುಕು ಹಾಕುವ ಪ್ರಾಣಿ ತಿನ್ನಲು ಯೋಗ್ಯ. ಹಂದಿಯ ಗೊರಸು ಸೀಳಿದೆ, ಆದರೆ ಅದು ಮೆಲುಕು ಹಾಕುವುದಿಲ್ಲ, ಆದ್ದರಿಂದ ಅಶುದ್ಧ. ಕುರ್‌ಆನ್ ನಾಲ್ಕು ಕಡೆ ಹಂದಿಯ ಮಾಂಸವನ್ನು ನಿಷೇಧಿಸುತ್ತದೆ. ಬೇರೆ ದಾರಿಯಿಲ್ಲದೆ, ಪ್ರಾಣ ಉಳಿಸಿಕೊಳ್ಳಲು ತಿಂದವನಿಗೆ ದೋಷವಿಲ್ಲವೆಂದೂ ಹೇಳುತ್ತದೆ. ಕ್ರೈಸ್ತರು ಬಹುಮಟ್ಟಿಗೆ ಈ ನಿಷೇಧವನ್ನು ಬಿಟ್ಟರು. ಆದರೂ ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ಇಂದಿಗೂ ಹಂದಿ ತಿನ್ನುವುದಿಲ್ಲ.

ಇದಕ್ಕೆಲ್ಲ ಆರೋಗ್ಯವೇ ಕಾರಣ ಎಂಬ ವಾದ ಹಳೆಯದು. ಹನ್ನೆರಡನೆಯ ಶತಮಾನದ ಯಹೂದಿ ವೈದ್ಯ, ಪಂಡಿತ ಮೈಮೊನಿಡಿಸ್ ಇದನ್ನು ಮುಂದಿಟ್ಟಿದ್ದ. 1860ರಲ್ಲಿ ಜರ್ಮನಿಯ ಜೆಂಕರ್ ಹಂದಿಮಾಂಸದ ಟ್ರೈಕಿನಾ ಹುಳು ಮನುಷ್ಯನನ್ನು ಕೊಲ್ಲಬಲ್ಲದೆಂದು ತೋರಿಸಿದ ಮೇಲೆ ಈ ವಾದಕ್ಕೆ ಬಲ ಬಂತು. ಆದರೆ ದನದ ಮಾಂಸದಿಂದಲೂ ಲಾಡಿಹುಳು ಬರುತ್ತದೆ. ಕುರಿ, ದನಗಳಿಂದ ಅಂತ್ರಾಕ್ಸ್ ಬರುತ್ತದೆ. ಅವುಗಳ ಮೇಲೆ ನಿಷೇಧ ಬರಲಿಲ್ಲವೇಕೆ ಎಂಬ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ.

1966ರಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್, ಯಾವ ಗುಂಪಿಗೂ ಸರಿಯಾಗಿ ಸೇರದ ಪ್ರಾಣಿಯನ್ನು ಸಮಾಜ ಅಶುದ್ಧವೆಂದು ಕರೆಯುತ್ತದೆ ಎಂದರು. 1974ರಲ್ಲಿ ಮಾರ್ವಿನ್ ಹ್ಯಾರಿಸ್ ಇನ್ನೊಂದು ಕಾರಣ ಕೊಟ್ಟರು. ಹಂದಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನ ನಾಡಿನಲ್ಲಿ ಅದಕ್ಕೆ ನೆರಳು, ನೀರು ಬೇಕು. ಅದು ಹುಲ್ಲು ತಿಂದು ಬದುಕುವುದಿಲ್ಲ, ಮನುಷ್ಯ ತಿನ್ನುವ ಕಾಳನ್ನೇ ಬಯಸುತ್ತದೆ. ಹಾಲು ಕೊಡದು, ನೇಗಿಲು ಎಳೆಯದು, ಉಣ್ಣೆಯೂ ಇಲ್ಲ. ಒಣನಾಡಿನಲ್ಲಿ ಇದನ್ನು ಸಾಕುವುದು ನಷ್ಟದ ಬಾಬು ಎಂಬುದು ಅವರ ಲೆಕ್ಕ. ಜೋಳದ ಹೊಲಗಳ ನಮ್ಮ ಬಯಲುಸೀಮೆಗೆ ಈ ಮಾತು ತಕ್ಕಮಟ್ಟಿಗೆ ಹೊಂದುತ್ತದೆ. ಇಲ್ಲಿ ಕಾಳು ಹಾಕಿ ಹಂದಿ ಸಾಕಲು ಒಕ್ಕಲಿಗನಿಗೆ ಪುರುಸೊತ್ತಿಲ್ಲ. ಭೂಮಿಯಿಲ್ಲದವನು ಮಾತ್ರ ಊರು ಬಿಸಾಕಿದ್ದನ್ನು ಮೇಯಿಸಿ ಅದನ್ನು ಸಾಕಬಲ್ಲ. ಸಾಕಿದ ರೀತಿಯೇ ಹೇಸಿಗೆಗೆ ಕಾರಣವಾಯಿತು, ಹೇಸಿಗೆಯೇ ಬೇರೆ ರೀತಿಯಲ್ಲಿ ಸಾಕಲು ಅಡ್ಡಿಯಾಯಿತು.

ಹಂದಿ ಕೆಸರಿನಲ್ಲಿ ಹೊರಳುವುದು ಹೊಲಸಿನ ಮೋಹದಿಂದಲ್ಲ, ಮೈ ತಣಿಸಿಕೊಳ್ಳಲು. ನೆರಳು, ನೀರು, ಜಾಗ ಕೊಟ್ಟರೆ ಅದು ಮಲಗುವ ಮೂಲೆಯನ್ನೂ ಸಗಣಿ ಹಾಕುವ ಮೂಲೆಯನ್ನೂ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ.

ಲಾಡಿಹುಳುವಿನ ಸುತ್ತು

ಈಗ ಮೆದುಳಿನ ಹುಳುವಿನ ಮಾತಿಗೆ ಬರೋಣ. ‘ಟೀನಿಯಾ ಸೋಲಿಯಂ’ ಎಂಬ ಲಾಡಿಹುಳುವಿನ ಬಾಳಿಗೆ ಇಬ್ಬರು ಬೇಕು: ಮನುಷ್ಯ ಮತ್ತು ಹಂದಿ. ದೊಡ್ಡ ಹುಳು ಬಾಳುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಅಲ್ಲಿ ಅದು ಎರಡು ಮೂರು ಮೀಟರ್ ಉದ್ದ ಬೆಳೆದು, ಸಾವಿರಾರು ತತ್ತಿಗಳನ್ನು ಮಲದೊಡನೆ ಹೊರಗೆ ಹಾಕುತ್ತದೆ. ಬಯಲಿನಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ತತ್ತಿಗಳು ಅದರ ಮೈಯಲ್ಲಿ ಒಡೆದು, ಮಾಂಸಖಂಡದೊಳಗೆ ಸಾಬೂದಾಣಿಯಂಥ ನೀರುಗುಳ್ಳೆಗಳಾಗಿ ಕೂಡುತ್ತವೆ. ಅಂಥ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಗುಳ್ಳೆಯಿಂದ ಮತ್ತೆ ಲಾಡಿಹುಳು ಬೆಳೆಯುತ್ತದೆ. ಇದು ಒಂದು ಸುತ್ತು.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಮಾಂಸದೊಳಗಿನ ಗುಳ್ಳೆಯನ್ನು ತಿಂದರೆ ಬರುವುದು ಕರುಳಿನ ಹುಳು. ಅದು ಮೆದುಳಿಗೆ ಏರುವುದಿಲ್ಲ. ಮೆದುಳಿಗೆ ಹೋಗುವುದು ತತ್ತಿಯನ್ನು ನುಂಗಿದಾಗ. ಆ ತತ್ತಿ ಇರುವುದು ಹಂದಿಯ ಮಾಂಸದಲ್ಲಿ ಅಲ್ಲ, ಹುಳು ಹೊತ್ತ ಮನುಷ್ಯನ ಮಲದಲ್ಲಿ. ಶೌಚಕ್ಕೆ ಹೋಗಿ ಕೈ ತೊಳೆಯದೆ ರೊಟ್ಟಿ ಬಡಿದರೆ, ಗಟಾರದ ನೀರು ಹಾಯಿಸಿ ಬೆಳೆದ ಪಲ್ಲೆಯನ್ನು ತೊಳೆಯದೆ ತಿಂದರೆ, ಬಯಲಿನ ಹೊಲಸು ಹರಿದು ಬಂದ ಹಳ್ಳದ ನೀರನ್ನು ಹಾಗೆಯೇ ಕುಡಿದರೆ ತತ್ತಿ ಯಾರ ಹೊಟ್ಟೆಗೂ ಸೇರಬಹುದು. ಆಗ ಮನುಷ್ಯನೇ ಹಂದಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಗುಳ್ಳೆಗಳು ಅವನ ಮಾಂಸದಲ್ಲಿ, ಕಣ್ಣಿನಲ್ಲಿ, ಮೆದುಳಿನಲ್ಲಿ ಕೂಡುತ್ತವೆ. ವೈದ್ಯರು ಇದನ್ನು ‘ನ್ಯೂರೋಸಿಸ್ಟಿಸರ್ಕೋಸಿಸ್’ ಎನ್ನುತ್ತಾರೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಫಿಟ್ಸ್ ರೂಪದಲ್ಲಿ ಅದು ಹೊರಬೀಳುತ್ತದೆ.

ಭಾರತದಲ್ಲಿ ಈ ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ಜನ ಹಂದಿ ತಿಂದವರೇ ಅಲ್ಲ ಎಂಬುದು ನರರೋಗ ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. 1990ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ಹಂದಿಯನ್ನು ಎಂದೂ ಮುಟ್ಟದ ಕಟ್ಟಾ ಯಹೂದಿ ಮನೆತನಗಳ ನಾಲ್ವರಲ್ಲಿ ಇದೇ ರೋಗ ಕಾಣಿಸಿಕೊಂಡಾಗ ಅಲ್ಲಿನ ವೈದ್ಯಲೋಕ ಬೆರಗಾಯಿತು. ವಿಚಾರಿಸಿದಾಗ ತಿಳಿದದ್ದು, ತತ್ತಿ ಬಂದದ್ದು ಮಾಂಸದಿಂದಲ್ಲ, ಹುಳುವಿಗೆ ಚಿಕಿತ್ಸೆ ಸಿಗದೇ ಉಳಿದಿದ್ದ ಅಡುಗೆಯ ಕೈಗಳಿಂದ. ತಮಿಳುನಾಡಿನ ವೆಲ್ಲೂರಿನಲ್ಲಿ ಜನರ ನಡುವೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿಟ್ಸ್ ಇರುವವರ ಪೈಕಿ ಸುಮಾರು ಮೂರನೇ ಒಂದು ಭಾಗದವರಲ್ಲಿ ಈ ಹುಳುವೇ ಕಾರಣವೆಂದು ಕಂಡುಬಂತು. ಈ ಹುಳು ನೆಲೆಯೂರಿದ ಅನೇಕ ಪ್ರದೇಶಗಳಲ್ಲಿ ನೂರಕ್ಕೆ ಮೂವತ್ತರಷ್ಟು ಫಿಟ್ಸ್ ಪ್ರಕರಣಗಳಿಗೆ ಇದೇ ಮೂಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಉತ್ತರ ಕರ್ನಾಟಕದ ಊಟದ ತಟ್ಟೆಯನ್ನು ಒಮ್ಮೆ ನೆನೆಯಬೇಕು. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೂಲಂಗಿ, ಗಜ್ಜರಿ, ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ಇರಲೇಬೇಕು. ಇದು ಆರೋಗ್ಯಕರ ಪದ್ಧತಿ, ಬಿಡಬೇಕಾದುದಲ್ಲ. ಆದರೆ ಆ ಸೊಪ್ಪು ಯಾವ ನೀರಿನಲ್ಲಿ ಬೆಳೆಯಿತು, ಎಷ್ಟು ಸಲ ತೊಳೆಯಿತು ಮನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಲೆಕೋಸು ತಿಂದರೆ ಮೆದುಳಿಗೆ ಹುಳು ಎಂಬ ಮಾತೂ ಇಲ್ಲಿಂದಲೇ ಹುಟ್ಟಿದ್ದು. ದೋಷ ಎಲೆಕೋಸಿನದಲ್ಲ, ಅದಕ್ಕೆ ಅಂಟಿಕೊಂಡ ಹೊಲಸಿನದು.

ಫಿಟ್ಸ್ ಬಂದವರ ಪಾಡು

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಉಳ್ಳಾಗಡ್ಡಿ ಮೂಸಿಸುವುದು ಇನ್ನೂ ನಿಂತಿಲ್ಲ. ಮಾಡಬೇಕಾದ್ದು ಇಷ್ಟೇ: ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷದೊಳಗೆ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಸ್ಕ್ಯಾನ್ ಮಾಡಿದರೆ ಗುಳ್ಳೆ ಕಾಣುತ್ತದೆ. ಬಹುತೇಕರಿಗೆ ಔಷಧದಿಂದ ಗುಣವಾಗುತ್ತದೆ. ಆದರೆ ಹುಳುವಿನ ಮಾತ್ರೆಯನ್ನು ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು. ಮೆದುಳಿನ ಗುಳ್ಳೆ ಸಾಯುವಾಗ ಬಾವು ಬಂದು ಫಿಟ್ಸ್ ಹೆಚ್ಚಬಹುದು. ಅದಕ್ಕೆ ವೈದ್ಯರ ಕಣ್ಗಾವಲು ಬೇಕು.

ಕಾಯಿಲೆಗಿಂತ ದೊಡ್ಡ ಹೊರೆ ಅದರ ಅಪಕೀರ್ತಿ. ಹೆಣ್ಣುಮಗಳಿಗೆ ಫಿಟ್ಸ್ ಇದೆಯೆಂಬುದನ್ನು ಮನೆಯವರು ಮುಚ್ಚಿಡುತ್ತಾರೆ. ಚಿಕಿತ್ಸೆಯೂ ಅಲ್ಲಿಯೇ ನಿಲ್ಲುತ್ತದೆ. ಹಿಂದೂ ವಿವಾಹ ಕಾಯಿದೆಯಲ್ಲಿಯೇ ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾನೂನಿನ ಪುಸ್ತಕದಿಂದ ಅಳಿಸಿದ್ದು ಮದುವೆಯ ಮಾತುಕತೆಯಿಂದ ಇನ್ನೂ ಅಳಿಸಿಲ್ಲ.

ಜ್ವರಗಳ ಗೊಂದಲ

ಹಂದಿಯ ಹೆಸರು ಹೊತ್ತ ಇನ್ನೆರಡು ರೋಗಗಳೂ ಜನರನ್ನು ಕಾಡಿವೆ. 2009ರಲ್ಲಿ ‘ಹಂದಿಜ್ವರ’ ಬಂದಾಗ ದೇಶದ ಮೊದಲ ಸಾವು ಸಂಭವಿಸಿದ್ದು ಬೆಳಗಾವಿಗೆ ದೂರವಲ್ಲದ ಪುಣೆಯಲ್ಲಿ. ಹೆಸರು ಕೇಳಿ ಹಂದಿಗಳ ಮೇಲೆ ಸಿಟ್ಟು ತಿರುಗಿತು. ಆದರೆ ಆ ಜ್ವರ ಮನುಷ್ಯನಿಂದ ಮನುಷ್ಯನಿಗೆ ಕೆಮ್ಮು, ಸೀನಿನ ಮೂಲಕ ಹರಡುವಂಥದು, ಮಾಂಸದಿಂದಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದಲ್ಲಿ ಹಂದಿಯ ಪಾತ್ರ ನಿಜವಾದದ್ದು. ಭಾರತದಲ್ಲಿ 1955ರಲ್ಲಿ ವೆಲ್ಲೂರಿನಲ್ಲಿ ಮೊದಲು ಗುರುತಿಸಿದ ಈ ರೋಗ 1970ರ ದಶಕದ ಕೊನೆಯಲ್ಲಿ ನಮ್ಮ ಕೋಲಾರ ಜಿಲ್ಲೆಯನ್ನು ಕಾಡಿತು. ಇದರ ವೈರಾಣು ಹಂದಿಯ ಮೈಯಲ್ಲಿ ಹೆಚ್ಚುತ್ತದೆ; ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುವ ಸೊಳ್ಳೆ ಅದನ್ನು ಮಕ್ಕಳಿಗೆ ಮುಟ್ಟಿಸುತ್ತದೆ. ಇಲ್ಲಿಯೂ ತಿನ್ನುವುದರಿಂದ ಅಪಾಯವಿಲ್ಲ. ಮನೆಗಳ ಮಗ್ಗುಲಲ್ಲಿಯೇ ಹಂದಿ ಕಟ್ಟುವುದರಿಂದ ಅಪಾಯ. ಲಸಿಕೆ ಇದೆ, ರೋಗ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ 2006ರಿಂದ ಅದನ್ನು ಮಕ್ಕಳಿಗೆ ಕೊಡಲಾಗುತ್ತಿದೆ.

ದಾರಿ ಯಾವುದು?

ತಿನ್ನುವವರ ಪಾಲಿನ ಎಚ್ಚರಿಕೆ ಸರಳವಾದದ್ದು. ಮೇಯಲು ಬಿಟ್ಟ ಹಂದಿಗಿಂತ ಕೊಟ್ಟಿಗೆಯಲ್ಲಿ ಸಾಕಿದ್ದು ಮೇಲು. ಮಾಂಸದಲ್ಲಿ ಬಿಳಿ ಗುಳ್ಳೆ ಕಂಡರೆ ಬಿಸಾಡಬೇಕು. ಒಳಗೆ ಕೆಂಬಣ್ಣ ಉಳಿಯದಂತೆ ಬೇಯಿಸಬೇಕು. ಕುಕ್ಕರಿನಲ್ಲಿ ಚೆನ್ನಾಗಿ ಬೆಂದ ಮಾಂಸದಲ್ಲಿ ಹುಳು ಬದುಕುವುದಿಲ್ಲ. ಕೊಬ್ಬು ಹೆಚ್ಚಿರುವ ತುಂಡುಗಳನ್ನು ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮಿತಿಯಲ್ಲಿಡಬೇಕು. ಮಲದಲ್ಲಿ ಚಪ್ಪಟೆ ತುಣುಕುಗಳು ಕಂಡರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಒಬ್ಬರ ಹುಳು ವಾಸಿಯಾದರೆ ಹತ್ತು ಮನೆ ಕಾಪಾಡಿದಂತೆ.

ತಿನ್ನದವರ ಪಾಲಿನ ಎಚ್ಚರಿಕೆ ಅದಕ್ಕಿಂತ ದೊಡ್ಡದು. ಮನೆಗೊಂದು ಶೌಚಾಲಯ ಕಟ್ಟಿದರೆ ಸಾಲದು, ಎಲ್ಲರೂ ಅದನ್ನು ಬಳಸಬೇಕು. ಸಾಬೂನಿನಿಂದ ಕೈ ತೊಳೆಯಬೇಕು. ಹಸಿ ಪಲ್ಲೆಯನ್ನು ಬಿಡಿಬಿಡಿಯಾಗಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಮಲ ಬಯಲಿಗೆ ಬೀಳದಿದ್ದರೆ ಹಂದಿಗೆ ಹುಳುವಿಲ್ಲ, ಹಂದಿಗೆ ಹುಳುವಿಲ್ಲದಿದ್ದರೆ ಮನುಷ್ಯನಿಗೂ ಇಲ್ಲ. ಸುತ್ತು ಎಲ್ಲಿ ಕಡಿದರೂ ಕಡಿಯುತ್ತದೆ. ಕಡಿಯಲು ಎಲ್ಲಕ್ಕಿಂತ ಸುಲಭವಾದ ಜಾಗ ಮನುಷ್ಯನ ಕೈಯಲ್ಲಿಯೇ ಇದೆ.

ಸಾಕುವವರ ಬದುಕನ್ನೂ ಇದರೊಡನೆ ಯೋಚಿಸಬೇಕಾಗುತ್ತದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 103 ಲಕ್ಷ ಹಂದಿಗಳಿದ್ದವು. 2019ರಲ್ಲಿ ಅವು ಸುಮಾರು 91 ಲಕ್ಷಕ್ಕೆ ಇಳಿದವು. ಮೂರು ತಿಂಗಳು, ಮೂರು ವಾರ, ಮೂರು ದಿನಕ್ಕೆ ಈಯುವ, ಒಂದೇ ಸೂಲಿಗೆ ಎಂಟು ಹತ್ತು ಮರಿ ಹಾಕುವ ಈ ಪ್ರಾಣಿ ಭೂಮಿಯಿಲ್ಲದ ಕುಟುಂಬಕ್ಕೆ ಕಷ್ಟಕಾಲದ ಉಳಿತಾಯದ ಗಂಟು. ಪುರಸಭೆಗಳು ಆಗಾಗ ಬೀದಿಹಂದಿಗಳನ್ನು ಹಿಡಿದು ಸಾಗಿಸಿದರೆ ಊರಿಗೆ ಸಮಾಧಾನವಾಗಬಹುದು, ಸಾಕಿದವರ ಗಂಟು ಕರಗುತ್ತದೆ, ಬಯಲಿನ ಹೊಲಸು ಅಲ್ಲಿಯೇ ಉಳಿಯುತ್ತದೆ. ಊರ ಹೊರಗೆ ಜಾಗ, ಕೊಟ್ಟಿಗೆಗೆ ಸಾಲ, ಪಶುವೈದ್ಯರ ನೆರವು ಕೊಟ್ಟರೆ ಎರಡೂ ಕಡೆಯವರಿಗೆ ಒಳಿತು.

ಏನು ತಿನ್ನಬೇಕು, ಏನು ಬಿಡಬೇಕು ಎಂಬುದು ಅವರವರ ಮನೆಯ, ಮನಸ್ಸಿನ ವಿಚಾರ. ಸಾವಿರಾರು ವರ್ಷಗಳ ನಂಬಿಕೆಗೆ ವಿಜ್ಞಾನದ ಒಪ್ಪಿಗೆಯ ಮುದ್ರೆ ಬೇಕಾಗಿಲ್ಲ. ಇನ್ನೊಬ್ಬರ ತಟ್ಟೆಯನ್ನು ನೋಡಿ ಅವರನ್ನು ಕೀಳೆನ್ನಲು ಆ ನಂಬಿಕೆಯ ಹೆಸರೂ ಬೇಕಾಗಿಲ್ಲ. ಆದರೆ ಹಂದಿಯನ್ನು ದೂರವಿಟ್ಟೆವು, ಆದ್ದರಿಂದ ಅದರ ಹುಳುವಿನಿಂದಲೂ ದೂರವಾದೆವು ಎಂದು ತಿಳಿದು ನೆಮ್ಮದಿಯಾಗಿರುವಂತಿಲ್ಲ. ಆ ಹುಳುವಿಗೆ ಜಾತಿ, ಮತ, ಮಡಿ, ಮೈಲಿಗೆ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತೊಳೆದ ಕೈ ಮತ್ತು ತೊಳೆಯದ ಕೈ ಎಂಬ ಒಂದೇ ಭೇದ.